ಹುಟ್ಟೂರಿನ ದಾರಿಯಲ್ಲಿ ಓಟ

ಕನ್ನಡದಲ್ಲಿ ‘ಓಡು’ ಎಂಬ ಧಾತುವಿಗೆ ಒಳ್ಳೆಯ ಹೆಸರಿಲ್ಲ. ಸಾಲಗಾರನು ಊರು ಬಿಟ್ಟು ಓಡುತ್ತಾನೆ; ಕಳ್ಳನು ಕತ್ತಲಲ್ಲಿ ಓಡುತ್ತಾನೆ; ಮನೆಯವರ ಮಾತು ಮೀರಿದ ಹುಡುಗಿ ‘ಓಡಿಹೋದಳು’ ಎಂಬ ಒಂದೇ ಮಾತಿನಲ್ಲಿ ಊರವರ ತೀರ್ಪಿಗೆ ಗುರಿಯಾಗುತ್ತಾಳೆ. ಅಂಜಿದವನು ‘ಕಾಲಿಗೆ ಬುದ್ಧಿ ಹೇಳಿದ’ ಎನ್ನುವಲ್ಲಿ ನಮ್ಮ ಹಿರಿಯರು ವ್ಯಂಗ್ಯದ ತುತ್ತತುದಿಯನ್ನೇ ಮುಟ್ಟಿದ್ದಾರೆ: ತಲೆಯಲ್ಲಿರಬೇಕಾದ ಬುದ್ಧಿ ಕಾಲಿಗೆ ಇಳಿಯಿತೆಂದು! ಕಾವ್ಯಗಳಲ್ಲಿಯೂ ಇದೇ ಕಥೆ. ವಿರಾಟಪರ್ವದ ಉತ್ತರಕುಮಾರನು ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಪ್ರಸಂಗ ಗಮಕಿಗಳ ಸಭೆಯನ್ನು ಶತಮಾನಗಳಿಂದ ನಗಿಸುತ್ತ ಬಂದಿದೆ. ರನ್ನನ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿದಾಗ ಭೀಮನು ಅವನನ್ನು ಹೊರಗೆಳೆಯುವುದು ಗದೆಯಿಂದಲ್ಲ, ‘ಅಡಗಿದೆ’ ಎಂಬ ಅಣಕದಿಂದ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೊಂದು ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಕಾಲಿನ ವೇಗಕ್ಕೆ ಕಲ್ಲಿನ ಗೌರವ ಸಂದ ಉದಾಹರಣೆಯನ್ನು ಹುಡುಕಿದರೆ ನಾಯಿಯ ಬಳಿಗೇ ಹೋಗಬೇಕಾದೀತು!

ಇಂತಹ ಭಾಷೆಯನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು, ನಲವತ್ತು ದಾಟಿದ ಮೇಲೆ, ನನ್ನ ಹುಟ್ಟೂರಾದ ಶ್ರೀರಂಗಪಟ್ಟಣದ ನೆರೆಯಲ್ಲಿ ಕಾವೇರಿಯ ನಾಲೆಯ ದಂಡೆಯ ಮೇಲೆ ಅರ್ಧ ಮ್ಯಾರಥಾನ್ ಓಡಿದೆ. ಅರ್ಧ ಮ್ಯಾರಥಾನ್ ಎಂದರೆ ೨೧.೦೯೭೫ ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ ಹದಿಮೂರು ಮೈಲಿಗೆ ತುಸು ಹೆಚ್ಚು. ಈ ಪ್ರದೇಶಕ್ಕೆ ಇದು ಅಪರಿಚಿತವಾದ ಸಂಗತಿಯೇನಲ್ಲ. ‘ಕಾವೇರಿ ಟ್ರೇಲ್ ಮ್ಯಾರಥಾನ್’ ಎಂಬ ಓಟ ೨೦೦೭ರಲ್ಲಿ ಆರಂಭವಾಗಿ, ರಂಗನತಿಟ್ಟಿನ ಆಸುಪಾಸಿನ ನಾಲೆಯ ಮಣ್ಣುದಾರಿಯನ್ನು ದೂರದೂರದ ಓಟಗಾರರಿಗೆ ಪರಿಚಯ ಮಾಡಿಕೊಟ್ಟಿತು. ಬೆಂಗಳೂರಿನಿಂದ ಬಂದವರು ಆ ದಂಡೆಯ ಮರಗಳನ್ನೂ ನೀರನ್ನೂ ಹಕ್ಕಿಗಳನ್ನೂ ಕೊಂಡಾಡುವುದನ್ನು ಕೇಳಿದಾಗ ಊರಿನವನಿಗೆ ಹೆಮ್ಮೆಯೂ ಆಗುತ್ತದೆ, ಒಂದು ಬಗೆಯ ಸಂಕೋಚವೂ ಆಗುತ್ತದೆ. ನಮ್ಮ ಹಿತ್ತಿಲ ಗಿಡದ ಮದ್ದನ್ನು ನೆಂಟರು ಹೇಳಿ ತಿಳಿಸಿದಂತೆ.

ಆ ಓಟಕ್ಕಾಗಿ ಅಭ್ಯಾಸ ಮಾಡುತ್ತಿದ್ದ ತಿಂಗಳುಗಳಲ್ಲಿ ಒಂದು ಬೆಳಗಿನ ಜಾವ, ಎಮ್ಮೆಗಳನ್ನು ಹೊಡೆದುಕೊಂಡು ಬರುತ್ತಿದ್ದ ನಮ್ಮ ಕಡೆಯ ವೃದ್ಧರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, ‘ಮೇಷ್ಟ್ರೇ, ಮನೆಯಲ್ಲಿ ಎಲ್ಲರೂ ಕ್ಷೇಮ ತಾನೆ?’ ಎಂದು ಕೇಳಿದರು. ಅವರ ಮುಖದಲ್ಲಿ ಇದ್ದದ್ದು ಪರಿಹಾಸ್ಯವಲ್ಲ, ನಿಜವಾದ ಕಳವಳ. ವಯಸ್ಸಾದ ಗೃಹಸ್ಥನೊಬ್ಬ ನಸುಕಿನಲ್ಲಿ ಓಡುತ್ತಿದ್ದಾನೆಂದರೆ ಯಾರಿಗೋ ಏನೋ ಆಗಿರಬೇಕು, ವೈದ್ಯರನ್ನೋ ಬಂಧುಗಳನ್ನೋ ಕರೆಯಲು ಹೊರಟಿರಬೇಕು. ಅವರ ಎಪ್ಪತ್ತು ವರ್ಷದ ಅನುಭವದಲ್ಲಿ ಓಟಕ್ಕೆ ಇದ್ದ ಅರ್ಥ ಅದೊಂದೇ. ‘ಏನೂ ಇಲ್ಲ, ಸುಮ್ಮನೆ ಓಡುತ್ತಿದ್ದೇನೆ’ ಎಂದೆ. ‘ಸುಮ್ಮನೆಯೇ?’ ಎಂದು ಅವರು ಮತ್ತೊಮ್ಮೆ ಕೇಳಿದರು. ಆ ‘ಸುಮ್ಮನೆ’ ಎಂಬ ಶಬ್ದದ ವಿಷಯವಾಗಿಯೇ ನಾನು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇನೆ. ಹುಟ್ಟೂರಿನಲ್ಲಿ ಸುಮ್ಮನೆ ಓಡುವ ಹಕ್ಕು ಯಾರಿಗುಂಟು, ಯಾರಿಗಿಲ್ಲ, ಎಲ್ಲರಿಗೂ ಏತಕ್ಕೆ ಇರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಪರಸ್ಥಳದಲ್ಲಿ ಓಡುವುದಕ್ಕೂ ಹುಟ್ಟೂರಿನಲ್ಲಿ ಓಡುವುದಕ್ಕೂ ಬಹಳ ಅಂತರವಿದೆ. ಪರಸ್ಥಳದಲ್ಲಿ ಓಟಗಾರನ ಎದೆಯ ಮೇಲಿನ ಸಂಖ್ಯೆಯೇ ಅವನ ಹೆಸರು. ಅವನು ಹಿಂದೆ ಬಿದ್ದರೂ ನೋಡಿ ನಗುವವರಿಲ್ಲ. ಊರಿನಲ್ಲಾದರೋ ಪ್ರತಿಯೊಂದು ಮೈಲಿಗೂ ಒಬ್ಬ ಸಾಕ್ಷಿ ನಿಂತಿರುತ್ತಾನೆ. ಬಟ್ಟೆ ಒಗೆಯುತ್ತಿರುವ ತಾಯಿಗೆ ನೀವು ಇಂಥವರ ಮಗ; ಕಬ್ಬಿನ ಗಾಡಿಯವನಿಗೆ ಜೊತೆಯಲ್ಲಿ ಓದಿದವನು; ಸೇತುವೆಯ ಮೇಲೆ ಕುಳಿತ ಹುಡುಗನಿಗೆ ಪರೀಕ್ಷೆಯ ಮೇಷ್ಟರು. ನಡೆದುಬಿಡೋಣವೆಂದು ಕಾಲು ಬೇಡಿಕೊಂಡರೂ ಈ ಕಣ್ಣುಗಳ ಮುಂದೆ ನಡೆಯುವ ಧೈರ್ಯ ಬಾರದು. ಅಲ್ಲದೆ, ಬಸ್ಸಿನಲ್ಲಿಯೂ ಮೋಟಾರಿನಲ್ಲಿಯೂ ಸಾವಿರ ಸಲ ದಾಟಿದ ನೆಲವನ್ನು ಕಾಲಿನಿಂದ ಅಳೆದಾಗಲೇ ಅದರ ನಿಜವಾದ ಆಕಾರ ತಿಳಿಯುವುದು. ಎಲ್ಲಿ ದಾರಿ ಏರುತ್ತದೆ, ಎಲ್ಲಿ ನಾಲೆ ಒಸರಿ ದಂಡೆ ಕೆಸರಾಗುತ್ತದೆ, ಯಾವ ತಿರುವಿನಲ್ಲಿ ಭತ್ತದ ಗದ್ದೆಯ ತಂಪು ಮೈಗೆ ತಾಗುತ್ತದೆ ಎಂಬುದನ್ನು ಶ್ರೀರಂಗಪಟ್ಟಣದವನಾದ ನಾನು ತಿಳಿದದ್ದು ನಲವತ್ತರ ಮೇಲೆ! ವಿದ್ಯೆಯೂ ಉದ್ಯೋಗವೂ ನಮ್ಮನ್ನು ಊರಿನಿಂದ ಹೊರಕ್ಕೆ ಕರೆದೊಯ್ಯುತ್ತವೆ; ಹಬ್ಬಕ್ಕೆ ಬಂದು ಹೋಗುವವನಿಗೆ ಊರು ಒಂದು ಬಾಗಿಲು, ಒಂದು ಎಲೆ ಊಟ. ಅದನ್ನು ಮರಳಿ ನೆಲವನ್ನಾಗಿ ಮಾಡುವ ಶಕ್ತಿ ಕಾಲಿಗಿದೆ.

ಈ ದೂರವನ್ನು ಕಂಡು ಯಾರೂ ಹೆದರಬೇಕಾಗಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟಿರುವ ಗ್ಲೈಕೋಜನ್ ಎಂಬ ಸಕ್ಕರೆಯ ಸತ್ವ ಓಡುವವನಿಗೆ ಸಾಮಾನ್ಯವಾಗಿ ೩೦ ಕಿಲೋಮೀಟರಿನ ಆಸುಪಾಸಿನವರೆಗೆ ಒದಗಿಬರುತ್ತದೆ. ಪೂರ್ಣ ಮ್ಯಾರಥಾನಿನ ಕೊನೆಯ ಭಾಗದಲ್ಲಿ ಗಟ್ಟಿಗರೂ ಕುಸಿಯುವುದಕ್ಕೆ ಅದು ತೀರಿಹೋಗುವುದು ಒಂದು ಮುಖ್ಯ ಕಾರಣ. ಅರ್ಧ ಮ್ಯಾರಥಾನ್ ಆ ಗೆರೆಯ ಈಚೆಗೇ ನಿಲ್ಲುತ್ತದೆ. ಆದುದರಿಂದ ಕೆಲವು ತಿಂಗಳ ನಿಯಮವಾದ ಅಭ್ಯಾಸವಿದ್ದರೆ, ವೈದ್ಯರ ಒಪ್ಪಿಗೆಯಿದ್ದರೆ, ಸಾಧಾರಣ ದೇಹದ ಸಾಧಾರಣ ಮನುಷ್ಯ ಮುಗಿಸಬಲ್ಲ ದೂರ ಅದು. ಅದರ ಗುಟ್ಟು ಅವಸರದಲ್ಲಿಲ್ಲ, ಮೊದಲ ಐದು ಮೈಲಿಗಳಲ್ಲಿ ತನ್ನನ್ನು ತಾನೇ ಹಿಡಿದುಕೊಳ್ಳುವುದರಲ್ಲಿದೆ. ‘ನಿಧಾನವೇ ಪ್ರಧಾನ’ ಎಂಬ ಗಾದೆಯನ್ನು ನಾವು ಸೋಮಾರಿತನದ ಸಮರ್ಥನೆಗೆ ಬಳಸುತ್ತ ಬಂದಿದ್ದೇವೆ. ದೀರ್ಘದೂರದ ಓಟದಲ್ಲಿ ಅದು ಅಕ್ಷರಶಃ ಶಾಸ್ತ್ರ.

ಓಟಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿಲ್ಲವೆಂದೆ. ಆದರೆ ಒಂದು ಶಬ್ದ ಮಾತ್ರ ಇದಕ್ಕೆ ಹೊರತಾಗಿದೆ, ಅದು ‘ಹರಿಕಾರ’. ಇಂದು ಹೊಸ ಯುಗವನ್ನೋ ಹೊಸ ಮಾರ್ಗವನ್ನೋ ತೆರೆದ ಮಹನೀಯರನ್ನು ನಾವು ಹರಿಕಾರರೆಂದು ಕರೆಯುತ್ತೇವೆ. ಅಭಿನಂದನ ಗ್ರಂಥಗಳಲ್ಲಿ ಈ ಶಬ್ದ ಸವೆದೇ ಹೋಗಿದೆ. ಆದರೆ ಮೂಲದಲ್ಲಿ ಹರಿಕಾರನೆಂದರೆ ಸುದ್ದಿಯನ್ನು ಹೊತ್ತು ದಾರಿ ಸವೆಸಿದ ಬಡ ದೂತ. ಆ ಹರಿಕಾರರ ಊರು ಯಾವುದು? ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ರಾಜ್ಯದ ಅಂಚೆಯ ಏರ್ಪಾಡನ್ನು ನೆಲೆಗೊಳಿಸಿದಾಗ ರಾಜಧಾನಿ ಶ್ರೀರಂಗಪಟ್ಟಣವಾಗಿತ್ತು. ಮುಂದೆ ಹೈದರನ ಕಾಲದಲ್ಲಿ ಅದು ಇನ್ನೂ ಹರಡಿತು. ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಗುವವರೆಗೆ ‘ಮೈಸೂರು ಅಂಚೆ’ ಉಳಿದುಬಂದಿತು. ರಾಯಸದ ಓಲೆಯೂ ಗಡಿಯ ಗುಪ್ತವಾರ್ತೆಯೂ ಮನುಷ್ಯರ ಕಾಲಿನ ಮೇಲೆಯೇ ಈ ದ್ವೀಪಕ್ಕೆ ಬರಬೇಕಾಗಿತ್ತು, ಈ ದ್ವೀಪದಿಂದ ಹೋಗಬೇಕಾಗಿತ್ತು. ಅವರಲ್ಲಿ ಒಬ್ಬನ ಹೆಸರೂ ನಮ್ಮ ಪಠ್ಯಗಳಲ್ಲಿಲ್ಲ. ಓಡಿದವರು ಮರೆತುಹೋಗಿ ಅವರ ಬಿರುದು ಮಾತ್ರ ದೊಡ್ಡವರ ಹೆಗಲೇರಿತು. ಶ್ರೀರಂಗಪಟ್ಟಣದ ನೆಲದಲ್ಲಿ ಓಡುವವನು ಹೊಸದೇನನ್ನೂ ಮಾಡುತ್ತಿಲ್ಲ. ಮರೆತ ಒಂದು ವೃತ್ತಿಗೆ ತಿಳಿದೋ ತಿಳಿಯದೆಯೋ ನಮಸ್ಕಾರ ಸಲ್ಲಿಸುತ್ತಿದ್ದಾನೆ.

ಮ್ಯಾರಥಾನ್ ಎಂಬ ಪರದೇಶದ ಹೆಸರನ್ನು ಕಂಡು ಮೂಗು ಮುರಿಯುವವರಿಗೂ ಒಂದು ಮಾತಿದೆ. ಕ್ರಿ. ಪೂ. ೪೯೦ರಲ್ಲಿ ಗ್ರೀಕರು ಪಾರಸಿಕರನ್ನು ಮ್ಯಾರಥಾನಿನ ಬಯಲಿನಲ್ಲಿ ಸೋಲಿಸಿದರು; ಆ ಗೆಲುವಿನ ಸುದ್ದಿಯನ್ನು ಅಥೆನ್ಸಿಗೆ ಓಡಿ ಮುಟ್ಟಿಸಿ ದೂತನೊಬ್ಬ ಪ್ರಾಣಬಿಟ್ಟನೆಂಬುದು ಎಲ್ಲರೂ ಬಲ್ಲ ಕಥೆ. ಹೆರೊಡೋಟಸನ ಚರಿತ್ರೆಯಲ್ಲಿ ಮಾತ್ರ ಈ ಪ್ರಸಂಗವಿಲ್ಲ. ಅವನು ಹೇಳುವುದು ನೆರವು ಕೇಳಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದ ದೂತನ ವಿಷಯ. ಏನೇ ಇರಲಿ, ೧೮೯೬ರಲ್ಲಿ ಒಲಿಂಪಿಕ್ ಕ್ರೀಡೆಗಳು ಪುನರಾರಂಭವಾದಾಗ ಈ ಐತಿಹ್ಯವನ್ನು ಓಟವನ್ನಾಗಿ ಮಾಡಬೇಕೆಂದು ಸೂಚಿಸಿದವನು ಪೈಲ್ವಾನನಲ್ಲ, ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ಭಾಷಾವಿಜ್ಞಾನಿ. ಶಬ್ದಾರ್ಥವಿಜ್ಞಾನಕ್ಕೆ ಯೂರೋಪಿನಲ್ಲಿ ಹೆಸರಿಟ್ಟವನೇ ಅವನು. ಭಾಷೆಯ ಮೇಷ್ಟರುಗಳಿಗೂ ಓಟಕ್ಕೂ ಏನು ಸಂಬಂಧವೆಂದು ನನ್ನನ್ನು ಕೇಳಿದ ಸಹೋದ್ಯೋಗಿಗಳಿಗೆ ನಾನು ಕೊಡುವ ಉತ್ತರ ಇದೇ! ಆ ಮೊದಲ ಓಟವನ್ನು ಗೆದ್ದವನಾದರೂ ಯಾರು? ಅಥೆನ್ಸಿನ ನೆರೆಯ ಮರೂಸಿ ಎಂಬ ಊರಿನ, ನೀರು ಸಾಗಿಸಿ ಜೀವಿಸುತ್ತಿದ್ದ ಸ್ಪಿರಿಡಾನ್ ಲೂಯಿಸ್. ಹೊರನಾಡಿನ ಓಟಗಾರರೂ ಭಾಗವಹಿಸಿದ್ದ ಪಂದ್ಯವನ್ನು ಆ ನೆಲದ ಮಗನೇ ಗೆದ್ದನು.

ಇನ್ನೊಂದು ಕೊಂಡಿ ನಮ್ಮ ನೆರೆಯ ನಾಗಮಂಗಲ ತಾಲ್ಲೂಕಿಗೇ ಬಂದು ಸೇರುತ್ತದೆ. ಮ್ಯಾರಥಾನಿನ ಬಯಲಿನಲ್ಲಿ ಯೋಧನಾಗಿ ನಿಂತಿದ್ದವರಲ್ಲಿ ನಾಟಕಕಾರ ಈಸ್ಕಿಲಸನೂ ಒಬ್ಬ. ಅವನದೆಂದು ಹೇಳುವ ಸಮಾಧಿಲೇಖ ಅವನ ನಾಟಕಗಳ ಹೆಸರೆತ್ತುವುದಿಲ್ಲ, ಮ್ಯಾರಥಾನಿನ ಹೆಸರನ್ನು ಎತ್ತುತ್ತದೆ. ಅವನ ನಾಟಕವನ್ನು ೧೯೩೫ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದವರು ಬಿ. ಎಂ. ಶ್ರೀಕಂಠಯ್ಯನವರು. ಅವರ ಹೆಸರಿನ ಮೊದಲಕ್ಷರ ಬೆಳ್ಳೂರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಗ್ರೀಸಿನ ಸುದ್ದಿಯನ್ನು ಹೊತ್ತು ತಂದ ಹರಿಕಾರರು ಈ ಸೀಮೆಯವರೇ ಆಗಿರುವಾಗ ಮ್ಯಾರಥಾನ್ ಎಂಬುದನ್ನು ಅನ್ಯವೆಂದು ಹೇಗೆ ಹೇಳೋಣ?

ಇಷ್ಟಾದರೂ ಒಂದು ಆಕ್ಷೇಪಣೆ ಉಳಿಯುತ್ತದೆ; ಅದು ಹಗುರವಾದುದಲ್ಲ. ಓಟವೆಂಬುದು ಹೊಟ್ಟೆ ತುಂಬಿದವರ ವಿಲಾಸ. ಬೆಳಗಿನಿಂದ ಬೈಗಿನವರೆಗೆ ಕಬ್ಬು ಕಡಿಯುವವನಿಗೆ, ನಾಟಿ ಹಾಕುವವಳಿಗೆ, ಬೆವರು ಹರಿಸಲು ಹಣ ಕೊಟ್ಟು ಹೆಸರು ಬರೆಸುವ ಆಟ ಹಾಸ್ಯಾಸ್ಪದವಾಗಿ ಕಾಣುತ್ತದೆ ಎಂಬುದು. ಆ ವೃದ್ಧರ ‘ಸುಮ್ಮನೆಯೇ?’ ಎಂಬ ಪ್ರಶ್ನೆಯಲ್ಲಿ ಈ ಆಕ್ಷೇಪಣೆಯ ನೆರಳೂ ಇತ್ತು. ನಿಜ, ದುಡಿದು ದಣಿದ ಮೈಗೆ ಓಟದ ಉಪದೇಶ ಮಾಡುವುದು ಅವಿವೇಕ. ಆದರೆ ಇದರಿಂದ ಹೊರಡುವ ನಿರ್ಣಯ ಯಾವುದು? ದುಡಿಯುವವರ ಮಕ್ಕಳಿಗೆ ಓಟ ಬೇಡವೆಂದೇ? ಹಾಗಾದರೆ ಸಂತೋಷಕ್ಕಾಗಿ ಮಾಡುವ ಕೆಲಸಗಳೆಲ್ಲ ಹಣವಂತರಿಗೆ, ಕೂಲಿಗಾಗಿ ಮಾಡುವ ಕೆಲಸಗಳೆಲ್ಲ ಬಡವರಿಗೆ ಎಂದು ಪಾಲು ಹಾಕಿದಂತಾಯಿತು. ಸಂಗೀತದ ವಿಷಯದಲ್ಲಿಯೂ ಸಾಹಿತ್ಯದ ವಿಷಯದಲ್ಲಿಯೂ ನಾವು ಒಪ್ಪದ ಪಾಲನ್ನು ಮೈಯ ವಿಷಯದಲ್ಲಿ ಏಕೆ ಒಪ್ಪಬೇಕು?

ಚರಿತ್ರೆಯೂ ಈ ಪಾಲನ್ನು ಒಪ್ಪುವುದಿಲ್ಲ. ಪುಣೆಯ ಡೆಕ್ಕನ್ ಜಿಮಖಾನಾ ನಡೆಸಿದ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಿನಲ್ಲಿ ಓಡಿದ ರೀತಿಯನ್ನು ಕಂಡು ಬೆರಗಾಗಿಯೇ ದೊರಾಬ್ಜಿ ಟಾಟಾ ಅವರು ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕಳುಹಿಸಲು ಮುಂದಾದರು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನಿನಲ್ಲಿ ೧೯ನೆಯ ಸ್ಥಾನ ಪಡೆದರು. ಅಂದಿನ ದಾರಿ ಇಂದಿನ ೪೨.೧೯೫ ಕಿಲೋಮೀಟರಿಗಿಂತಲೂ ಉದ್ದವಾಗಿತ್ತು. ಈ ಅಳತೆ ಖಾಯಂ ಆದದ್ದು ೧೯೨೧ರಲ್ಲಿ. ನಮ್ಮ ದೇಶದ ಒಲಿಂಪಿಕ್ ಪ್ರಯತ್ನವೇ ಹಳ್ಳಿಯವರ ಕಾಲಿನಿಂದ ಮೊದಲಾಯಿತು. ಹೀಗಿರುವಾಗ, ನೂರು ವರ್ಷದ ಮೇಲೆ, ಹಳ್ಳಿಯ ದಾರಿಯಲ್ಲಿ ಓಟ ನಡೆಯುವಾಗ ಆ ಹಳ್ಳಿಯ ಹುಡುಗರು ನೀರಿನ ಲೋಟ ಹಿಡಿದು ಬದಿಯಲ್ಲಿ ನಿಲ್ಲುವುದಷ್ಟೇ ನಾವು ಕಂಡ ದೃಶ್ಯವಾದರೆ ಅದು ದುಃಖದ ಸಂಗತಿ. ಓಟವನ್ನು ಏರ್ಪಡಿಸಲು ದೂರದಿಂದ ಬಂದವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರು ಬಾರದಿದ್ದರೆ ದಾರಿಯೇ ಕಾಣುತ್ತಿರಲಿಲ್ಲ. ಹೊಣೆ ಊರಿನವರದು, ಅದರಲ್ಲಿಯೂ ಶಾಲೆ ಕಾಲೇಜುಗಳದು.

ಹುಡುಗರ ಮಾತಾಯಿತು; ಹುಡುಗಿಯರ ಮಾತೇನು? ನಸುಕಿನಲ್ಲಿ ನಾನು ಒಬ್ಬನೇ ಓಡಬಲ್ಲೆ. ನನ್ನ ವಿದ್ಯಾರ್ಥಿನಿ ಓಡಲಾರಳು. ನನ್ನನ್ನು ಕಂಡವರು ಕ್ಷೇಮ ವಿಚಾರಿಸುತ್ತಾರೆ. ಅವಳನ್ನು ಕಂಡವರು ಬೇರೆಯದೇ ಪ್ರಶ್ನೆ ಕೇಳುತ್ತಾರೆ. ಲೋಕದಲ್ಲೆಲ್ಲ ಹೀಗೆಯೇ ಇತ್ತು. ೧೯೬೭ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ವಿದ್ಯಾರ್ಥಿನಿ ಸಂಖ್ಯೆ ಧರಿಸಿ ಓಡುತ್ತಿದ್ದಾಗ ಅಧಿಕಾರಿಯೊಬ್ಬ ನಡುದಾರಿಯಲ್ಲಿ ಹಿಡಿದೆಳೆದು ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ಹೋದನು. ಅವಳು ನಿಲ್ಲದೆ ಓಟವನ್ನು ಪೂರೈಸಿದಳು. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಮೊದಲು ನಡೆದದ್ದು ೧೯೮೪ರಲ್ಲಿ. ಪುರುಷರಿಗಿಂತ ೮೮ ವರ್ಷ ತಡವಾಗಿ. ನಮ್ಮ ಸ್ಥಿತಿ ಇದಕ್ಕಿಂತ ಕಠಿನ. ಹೆಣ್ಣುಭ್ರೂಣವನ್ನು ಪತ್ತೆಮಾಡುವ ಜಾಲವೊಂದು ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ನಡೆಯುತ್ತಿತ್ತೆಂಬ ಸುದ್ದಿಯನ್ನು ೨೦೨೩ರಲ್ಲಿ ನಾಡೆಲ್ಲ ಓದಿತು. ಬೆಲ್ಲ ಬೇಯುವ ಮನೆಯಲ್ಲಿ ಇಂತಹ ವಿಷ! ಇದೇ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜರ ಆಸ್ಥಾನದಲ್ಲಿದ್ದುಕೊಂಡು ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು, ಹೆಣ್ಣನ್ನು ಕೀಳಾಗಿ ಕಾಣುವವರನ್ನು ಅದರಲ್ಲಿ ಪ್ರಶ್ನಿಸಿದಳು. ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆಗೆ ನಾವು ಪಾಠದಲ್ಲಿ ಉತ್ತರ ಬರೆಯಿಸುತ್ತಿದ್ದೇವೆಯೇ ಹೊರತು ದಾರಿಯಲ್ಲಿ ಉತ್ತರ ಕೊಟ್ಟಿಲ್ಲ. ಓಟದಿಂದ ಈ ಪಾಪ ತೊಳೆದುಹೋದೀತೆಂದು ನಾನು ಹೇಳುವುದಿಲ್ಲ. ಆದರೆ ನೂರು ಹುಡುಗಿಯರು ಹಗಲಿನಲ್ಲಿ, ಊರಿನ ನಡುವೆ, ತಂದೆತಾಯಿಯರ ಕಣ್ಣೆದುರಿಗೆ, ಯಾರಿಗೂ ಕಾರಣ ಹೇಳದೆ ಓಡುವ ಒಂದು ದಿನವನ್ನು ಊರು ಕಂಡರೆ, ‘ಓಡಿಹೋದಳು’ ಎಂಬ ಮಾತಿನ ಅರ್ಥವಾದರೂ ಬದಲಾಗಲು ತೊಡಗೀತು. ಶಬ್ದದ ಅರ್ಥ ಬದಲಾಗುವುದು ಸಣ್ಣ ಕ್ರಾಂತಿಯಲ್ಲವೆಂದು ಹರಿಕಾರನ ಕಥೆಯೇ ಹೇಳುತ್ತದೆ.

ಆದುದರಿಂದ ನನ್ನ ಸೂಚನೆ ಇಷ್ಟೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕುಗಳೂ ವರ್ಷಕ್ಕೊಂದು ಬೆಳಗ್ಗೆ ತಮ್ಮ ತಮ್ಮ ದಾರಿಯಲ್ಲಿ ತಮ್ಮ ತಮ್ಮ ಓಟವನ್ನು ನಡೆಸಲಿ. ದಾರಿಗೆ ಬಡತನವಿಲ್ಲ. ಶ್ರೀರಂಗಪಟ್ಟಣಕ್ಕೆ ಕೋಟೆಯೂ ನಾಲೆಯೂ ಇವೆ. ಪಾಂಡವಪುರಕ್ಕೆ ತೊಣ್ಣೂರು ಕೆರೆಯ ಏರಿಯೂ ಕುಂತಿಬೆಟ್ಟದ ಬುಡವೂ ಇವೆ. ಕೃಷ್ಣರಾಜಪೇಟೆಗೆ ಒಂದು ಕಡೆ ಹೊಸಹೊಳಲಿನ ಹೊಯ್ಸಳ ದೇಗುಲವಿದೆ, ಇನ್ನೊಂದು ಕಡೆ ೧೯೧೫ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಕಿಕ್ಕೇರಿಯಿದೆ. ನಾಗಮಂಗಲಕ್ಕೆ ನಾಲೆಯ ತಂಪು ಇಲ್ಲದಿದ್ದರೇನು, ರಾಗಿಯ ಹೊಲಗಳ ನಡುವಣ ಗಟ್ಟಿ ನೆಲವೂ ಸೌಮ್ಯಕೇಶವನ ಬೀದಿಯೂ ಬೆಳ್ಳೂರಿನತ್ತ ಸಾಗುವ ಹಾದಿಯೂ ಇವೆ. ಬೇಕಾಗಿರುವುದು ಅಳತೆಯ ಸರಪಣಿ, ನೀರಿನ ಕೊಡಗಳು, ಒಬ್ಬ ವೈದ್ಯರು, ದೈಹಿಕ ಶಿಕ್ಷಣದ ಮೇಷ್ಟರುಗಳು. ತಾಲ್ಲೂಕಿನವರಿಗೆ ಶುಲ್ಕ ಬೇಡ; ಬೂಟಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳುಹಿಸುವುದು ಬೇಡ. ಚಿಕ್ಕ ಮಕ್ಕಳಿಗೆ ಒಂದೆರಡು ಮೈಲಿ, ಬೆಳೆದವರಿಗೆ ಆರು, ಅಭ್ಯಾಸವಿದ್ದವರಿಗೆ ಹದಿಮೂರು. ಹುಡುಗಿಯರ ಸಾಲು ಮುಂದಿರಲಿ. ೧೯೪೦ರಿಂದ ರಕ್ಷಿತವಾಗಿರುವ ರಂಗನತಿಟ್ಟಿನ ಸಮೀಪದಲ್ಲಿ ಧ್ವನಿವರ್ಧಕ ಕೂಗದಿರಲಿ. ಗೂಡಿನಲ್ಲಿರುವ ಹಕ್ಕಿಗೆ ನಮ್ಮ ಉತ್ಸಾಹದ ಅಗತ್ಯವಿಲ್ಲ. ಅತಿಥಿಗಳು ಬರಲಿ, ಮೊದಲಿನಂತೆಯೇ ಬರಲಿ. ಆದರೆ ಅವರೊಡನೆ ಮನೆಯವರೂ ಓಡಲಿ.

ಬಹುಮಾನದ ವಿಷಯದಲ್ಲಿ ನನಗೆ ಆಗ್ರಹವಿಲ್ಲ. ಮೊದಲು ಬಂದವನಿಗೆ ಪದಕವನ್ನು ಯಾರಾದರೂ ಕೊಟ್ಟಾರು. ಆದರೆ ಹುಟ್ಟೂರಿನ ಓಟದ ನಿಜವಾದ ಲಾಭ ಕೊನೆಯಲ್ಲಿ ಬಂದವನಿಗೂ ಸಿಗತಕ್ಕದ್ದು: ತಾನು ಹುಟ್ಟಿದ ನೆಲ ಇಷ್ಟು ಉದ್ದ, ಇಷ್ಟು ಏರು, ಇಷ್ಟು ಇಳಿಜಾರು ಎಂದು ಮೈಯಾರೆ ಬಲ್ಲೆನೆಂಬ ತೃಪ್ತಿ. ಅದನ್ನು ಪುಸ್ತಕದಿಂದ ಕಲಿಸಲು ನಮ್ಮಂಥ ಮೇಷ್ಟರುಗಳಿಂದ ಸಾಧ್ಯವಿಲ್ಲ. ಎಮ್ಮೆ ಕಾಯುವ ಹಿರಿಯರು ನಾಳೆ ಯಾವಳೋ ಒಬ್ಬ ಹುಡುಗಿ ಓಡುತ್ತಿರುವುದನ್ನು ಕಂಡು, ಕಳವಳವಿಲ್ಲದೆ, ಕೋಲನ್ನು ಬದಿಗೆ ಸರಿಸಿ ದಾರಿ ಬಿಟ್ಟರೆ, ಊರಿನಲ್ಲಿ ಓಟ ನೆಲೆಯಾಯಿತೆಂದು ತಿಳಿಯಬಹುದು.